ಕೋಲೆ ಬಸವ ತಾನಾಗಿ ತಲೆಯಾಡಿಸಿದ್ದು

ಇದನ್ನು ಸುಳ್ಳೆನ್ನುವ ಗಂಡು ಯಾರಾದರೂ ಇದ್ದರೆ ಈಗಲೇ ಎದ್ದು ನಿಲ್ಲಲಿ! ಸೀಮೆಗೇ ದೊಡ್ಡದಾದ ನಮ್ಮೂರ ಕೆರೆಗೆ ಒಮ್ಮೆ ಒಬ್ಬ ಕೋಲೆ ಬಸವ ನೀರು ಕುಡಿಯಲು ಬಂದ. ಬೆನ್ನಿಗೆ ಜರಿಯ ಜೂಲು, ಕೊಂಬಿಗೆ ಹಿತ್ತಾಳೆಯ ಅಣಸು. ಯಜಮಾನ ಡೋಲು ಬಡಿದು ಕೇಳಿದ್ದಕ್ಕೆಲ್ಲ ಹೌದೆಂದು ತಲೆಯಾಡಿಸುವುದೇ ಅವನ ಕಸುಬು. ಅದಕ್ಕೇ ಜನ ಅವನ ಕಾಲಿಗೆ ಬೀಳುತ್ತಿದ್ದರು.

ಕೆಸರಿನಲ್ಲಿ ಹೊರಳುತ್ತಿದ್ದ ಕೋಣ ಕೇಳಿದ: “ಸ್ವಾಮಿ, ಎಲ್ಲ ಜೀವಿಗಳೊಳಗೂ ಒಬ್ಬ ಬುದ್ಧ ಮಲಗಿದ್ದಾನೆಂದು ನಿನ್ನೆ ದಾರಿಹೋಕ ಭಿಕ್ಷು ಹೇಳಿದ. ನನ್ನೊಳಗೂ ಇದ್ದಾನೆಯೇ?”

“ನಿನ್ನೊಳಗಾ? ಥೂ!” ಎಂದು ಬಸವ ಮೂತಿ ತಿರುಗಿಸುವಷ್ಟರಲ್ಲಿ, ಏರಿಯ ಮೇಲಿದ್ದ ಯಜಮಾನ ಡೋಲಿನ ಬಿಗಿ ನೋಡಲು ಎರಡೇಟು ಬಡಿದ. ಬಸವನ ತಲೆ ತನ್ನಷ್ಟಕ್ಕೆ ಹೌದು ಹೌದೆಂದು ಆಡಿತು.

“ಇದ್ದಾನಂತೆ!” ಕೋಣ ಬಾಲವೆತ್ತಿ ಕುಣಿದ. ಕಪ್ಪೆಗಳು ಕುಣಿದವು, ಏಡಿಗಳು ಅಡ್ಡಡ್ಡ ಕುಣಿದವು. ಕೆಸರೆಲ್ಲ ಜರಿಯ ಜೂಲಿಗೆ ಹಾರಿತು.

“ನಿಲ್ಲಿಸೋ ಹುಚ್ಚ! ಅದು ಡೋಲು ಹೇಳಿಸಿದ್ದು. ನಾನಾಗಿ ಈ ಜನ್ಮದಲ್ಲಿ ಒಮ್ಮೆಯೂ ಹೌದೆಂದಿಲ್ಲ!” ಎಂದು ಬಸವ ಗುಡುಗಿದ. ಹೇಳಿದ ಮಾತು ತನ್ನ ಕಿವಿಗೇ ಬಿದ್ದು, ಎತ್ತಿದ ಕೊಂಬನ್ನು ತಗ್ಗಿಸಿದ.

ಕೋಣ ಹತ್ತಿರ ಬಂದ. “ಅಯ್ಯೋ ಅಣ್ಣ, ಹಾಗಾದರೆ ನಿನ್ನೊಳಗಿನವನು ಇನ್ನೂ ಎದ್ದೇ ಇಲ್ಲ! ಇದ್ದಾನೆ ತಾನೇ?”

ಡೋಲು ಸುಮ್ಮನಿತ್ತು. ಬಸವ ಏರಿಯತ್ತ ನೋಡಿದ, ಕೋಣನತ್ತ ನೋಡಿದ. ಆಮೇಲೆ ಕೊಂಬಿನ ಅಣಸು ಕಳಚಿ ಬೀಳುವಷ್ಟು ಜೋರಾಗಿ, ತಾನಾಗಿಯೇ ತಲೆಯಾಡಿಸಿದ.

ಕೋಣ ಪಕ್ಕಕ್ಕೆ ಸರಿದು ಅವನಿಗೆ ಕೆಸರಿನಲ್ಲಿ ಜಾಗ ಕೊಟ್ಟ.