ಗಂಟೆ ಯಾರದು?

“ಬುದ್ಧಿ, ಸಂಬಳಕ್ಕೆ ತೆರಿಗೆ ಹಿಡ್ಕೊಂಡೇ ಕೊಡ್ತಾರೆ. ಬಿಡುವಿನಲ್ಲಿ ದುಡಿದದ್ದಕ್ಕೂ ಕಟ್ಟಬೇಕಾ?”

ಕೇಳಿದವನು ವೃಷಭೇಂದ್ರ. ಸಹಕಾರಿ ಬ್ಯಾಂಕೊಂದರಲ್ಲಿ ಕ್ಯಾಷಿಯರ್. ರಜೆಯ ದಿನಗಳಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಾನೆ. ಆ ಭಾನುವಾರ ಮಠದ ಹಜಾರದಲ್ಲಿ ಮಠದ ಹಾರ್ಮೋನಿಯಂ ಬಿಚ್ಚಿಕೊಂಡು ಕೂತಿದ್ದ. ಸ್ಕ್ರೂಗಳು ಉರುಳಿ ಹೋಗದಿರಲಿ ಎಂದು ಸ್ವಾಮಿಗಳು ಅವನ್ನು ತಮ್ಮ ಅಂಗೈಯಲ್ಲಿ ಹಿಡಿದುಕೊಂಡಿದ್ದರು.

“ಈಗ ಏನು ಮಾಡುತ್ತಿದ್ದೀಯೆ?” ಎಂದು ಸ್ವಾಮಿಗಳು ಕೇಳಿದರು.

“ರಿಪೇರಿ ಅಂಗಡಿ ಬೋರ್ಡಿನಲ್ಲಿ ಭಾವಮೈದುನನ ಹೆಸರು ಹಾಕಿಸಿದೀನಿ. ದುಡ್ಡೂ ಅವನ ಖಾತೆಗೇ ಬರುತ್ತೆ. ಅವನಿಗೆ ಬೇರೆ ಆದಾಯ ಇಲ್ಲ, ಕೇಳೋರೂ ಇಲ್ಲ. ಎಲ್ಲರೂ ಹೀಗೇ ಮಾಡೋದು ಬುದ್ಧಿ.”

“ಅವನಿಗೆ ಈ ಕೆಲಸ ಬರುತ್ತದೆಯೇ?”

“ಅವನಿಗೆಲ್ಲಿ ಬರುತ್ತೆ? ಮುಚ್ಚಳ ತೆಗೆಯೋಕೂ ಬರಲ್ಲ.”

ಸ್ವಾಮಿಗಳು ನಕ್ಕರು. “ನೀನು ಕೆಲಸ ಮಾಡುತ್ತಿರು, ನಾನು ಹೇಳುತ್ತಿರುತ್ತೇನೆ” ಎಂದು ಶುರು ಮಾಡಿದರು.

ಒಂದು ರಾಜ್ಯದಲ್ಲಿ ಒಬ್ಬ ಜಾಗಟೆಯವನಿದ್ದ. ಅರಮನೆಯ ಬಾಗಿಲಲ್ಲಿ ನಿಂತು ಹೊತ್ತು ಹೊತ್ತಿಗೆ ಜಾಗಟೆ ಹೊಡೆಯುವುದು ಅವನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಅವನ ಪಾಳಿ, ಆಮೇಲೆ ಇನ್ನೊಬ್ಬ ಬರುತ್ತಿದ್ದ. ಅರಸಿನ ಪಾಲನ್ನು ಸಂಬಳದಲ್ಲೇ ಹಿಡಿದುಕೊಂಡು ಉಳಿದದ್ದನ್ನು ಕೈಗೆ ಕೊಡುತ್ತಿದ್ದರು. ಅಲ್ಲಿಯವರೆಗೆ ಅವನೂ ನೀನೂ ಒಂದೇ.

ಜಾಗಟೆ ಹೊಡೆದು ಹೊಡೆದು ಅವನ ಕಿವಿ ಹದವಾಗಿತ್ತು. ಸಂಜೆ ಕೆಲಸ ಬಿಟ್ಟ ಮೇಲೆ ಮನೆಯ ಜಗುಲಿಯಲ್ಲಿ ಕೂತು ದನಗಳ ಕೊರಳಗಂಟೆಗೆ ದನಿ ಕೂಡಿಸುತ್ತಿದ್ದ. ಕಂಚುಗಾರನಿಂದ ಗಂಟೆ ತರುವುದು, ಅರದಿಂದ ಅದರ ಅಂಚನ್ನು ತಿಕ್ಕುವುದು, ಬಡಿದು ಕೇಳುವುದು, ಮತ್ತೆ ತಿಕ್ಕುವುದು. ಊರಿನ ದನಗಳೆಲ್ಲ ಒಂದೇ ಕಾಡಿನಲ್ಲಿ ಮೇಯುತ್ತಿದ್ದವು. ಒಂದು ಮನೆಯ ಗಂಟೆಯ ದನಿ ಇನ್ನೊಂದು ಮನೆಯದನ್ನು ಹೋಲಿದರೆ, ತಪ್ಪಿಸಿಕೊಂಡ ದನವನ್ನು ಹುಡುಕುವವನು ಗುಡ್ಡ ಹತ್ತಿ ಇಳಿದು ಸಾಯಬೇಕು. ಇವನು ತಿಕ್ಕಿದ ಗಂಟೆಯ ದನಿ ಊರಿನಲ್ಲಿ ಇನ್ನೊಂದಕ್ಕೆ ಇರುತ್ತಿರಲಿಲ್ಲ. ಒಲೆಯ ಮುಂದೆ ಕೂತ ಹೆಂಗಸೂ ತಲೆಯೆತ್ತದೆ ‘ನಮ್ಮ ಕೆಂದಿ ಬಂತು’ ಎನ್ನುತ್ತಿದ್ದಳು. ಹೀಗಾಗಿ ಅವನಿಗೆ ನಾಲ್ಕು ಕಾಸು ಆಗುತ್ತಿತ್ತು. ಕೆಲವು ವರ್ಷಗಳಲ್ಲಿ ಅದು ಸಂಬಳಕ್ಕೆ ಹತ್ತಿರ ಬಂತು.

ಆ ರಾಜ್ಯದಲ್ಲಿ ಸುಂಕ ಕೊಡುವುದಕ್ಕೆ ಒಂದು ಪದ್ಧತಿಯಿತ್ತು. ವರ್ಷಕ್ಕೊಮ್ಮೆ, ಯುಗಾದಿ ಕಳೆದ ಮೇಲಿನ ಮೊದಲ ಸಂತೆಯ ದಿನ, ಸುಂಕದವನು ಸಂತೆಮಾಳದ ಕಟ್ಟೆಯ ಮೇಲೆ ಕೂರುತ್ತಿದ್ದ. ಕಸುಬು ಉಳ್ಳವರು ಒಬ್ಬೊಬ್ಬರಾಗಿ ಕಟ್ಟೆ ಹತ್ತಿ, ಸಂತೆಗೆಲ್ಲ ಕೇಳುವ ಹಾಗೆ ಕೂಗಬೇಕು: ‘ಈ ಕಸುಬು ನನ್ನದು, ಇಗೋ ಅರಸಿನ ಪಾಲು.’ ಸುಂಕದವನೂ ಅಷ್ಟೇ ಗಟ್ಟಿಯಾಗಿ ಕೂಗಬೇಕು: ‘ಕಸುಬು ನಿನ್ನದು, ಅರಸಿನ ಪಾಲು ಸಂದಿತು.’ ಅಲ್ಲಿಗೆ ಮುಗಿಯಿತು. ಬರೆದಿಡುವ ರೂಢಿ ಇರಲಿಲ್ಲ, ಸಂತೆಯೇ ಸಾಕ್ಷಿ. ಯಾರು ಎಷ್ಟು ಕೊಡುತ್ತಾರೆ, ಯಾರು ಎಷ್ಟು ನುಂಗುತ್ತಾರೆ ಎಂದು ನೋಡುವುದಕ್ಕೇ ಜನ ಬರುತ್ತಿದ್ದರು. ನಮ್ಮ ಜನಕ್ಕೆ ಅದಕ್ಕಿಂತ ದೊಡ್ಡ ಆಟ ಯಾವುದಿದೆ?

ಆದರೆ ಅರಮನೆಯ ಸಂಬಳದವರು ಆ ಕಟ್ಟೆ ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಅವರಲ್ಲಿ ಅರ್ಧಕ್ಕರ್ಧ ಜನರಿಗೆ ಮನೆಯಲ್ಲಿ ಒಂದಿಲ್ಲೊಂದು ಕಸುಬಿತ್ತು. ಅರಸಿನ ತಲೆಯ ಮೇಲೆ ಕೊಡೆ ಹಿಡಿಯುವವನೊಬ್ಬ ಇದ್ದ. ಅವನೂ ಅವನ ಹೆಂಡತಿಯೂ ಮನೆಯಲ್ಲಿ ತಾಳೆಗರಿಯ ಕೊಡೆ ಹೆಣೆಯುತ್ತಿದ್ದರು. ಅವನು ಜಾಗಟೆಯವನಿಗೆ ಗೆಳೆಯ. ಜಾಗಟೆಯವನು ಸುಂಕ ಕೊಡುತ್ತೇನೆ ಎಂದಾಗ ಅವನಿಗೆ ರೇಗಿಹೋಯಿತು.

“ನಿನಗೇನು ತಲೆ ಕೆಟ್ಟಿದೆಯಾ? ಸಂಬಳದಲ್ಲಿ ಹಿಡಿಯೋದು ಸಾಲದಾ? ನನ್ನ ಕೊಡೆಗಳನ್ನ ಸಂತೆಯ ಗರಿ ವ್ಯಾಪಾರಿ ತನ್ನವು ಅಂತ ಹೇಳಿ ಮಾರ್ತಾನೆ. ನೀನೂ ಹಾಗೇ ಮಾಡು. ಯಾರಿಗೆ ಗೊತ್ತಾಗುತ್ತೆ?”

“ಕೊಡೆ ಸದ್ದು ಮಾಡಲ್ಲ ಕಣೋ, ನಿನಗೆ ನಡೆಯುತ್ತೆ” ಎಂದು ಜಾಗಟೆಯವನು ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ: “ಈ ಗಂಟೆ ನಂದು ಅಂತ ಬದುಕಿನಲ್ಲಿ ಒಂದು ಸಲವಾದರೂ ಗಟ್ಟಿಯಾಗಿ ಹೇಳಬೇಕು ಅಂತ ಆಸೆ. ಹೇಳೋದಕ್ಕೆ ಇರೋ ಜಾಗ ಆ ಕಟ್ಟೆ ಒಂದೇ.”

ಕೊಡುವುದು ಸುಲಭವಾಗಲಿಲ್ಲ. ಆ ವರ್ಷ ಮನೆಗೆ ಹೊಸ ಹೆಂಚು ಹೊದಿಸಬೇಕೆಂದು ಹೆಂಡತಿ ಹಟ ಹಿಡಿದಿದ್ದಳು, ಅದು ಮುಂದಕ್ಕೆ ಹೋಯಿತು. ಅವಳು ನಾಲ್ಕು ದಿನ ಮಾತು ಬಿಟ್ಟಳು. ಕಟ್ಟೆ ಹತ್ತಿದಾಗ ಅರಮನೆಯ ಆಳೊಬ್ಬ ಬಂದನೆಂದು ಸಂತೆಯೆಲ್ಲ ತಿರುಗಿ ನೋಡಿತು. ಹೊತ್ತು ಹೊತ್ತಿಗೆ ಊರನ್ನೇ ಎಬ್ಬಿಸುತ್ತಿದ್ದವನ ಮೊದಲ ಕೂಗು ಅಂದು ಕಟ್ಟೆಯ ಕೆಳಗೂ ಕೇಳಲಿಲ್ಲ. ಎರಡನೆಯ ಸಲ ಕೂಗಿದ. ‘ಕಸುಬು ನಿನ್ನದು, ಅರಸಿನ ಪಾಲು ಸಂದಿತು’ ಎಂದು ಸುಂಕದವನು ತಿರುಗಿ ಕೂಗಿದಾಗ ಅವನಿಗೆ ಕಣ್ಣು ತುಂಬಿ ಬಂತು. ದುಡ್ಡು ಹೋಯಿತಲ್ಲ ಎಂದು ಅಳುತ್ತಿದ್ದಾನೆ ಅಂದುಕೊಂಡು ಜನ ನಕ್ಕರು. ಅವನು ಒರೆಸಿಕೊಂಡು ಇಳಿದ. ಆಮೇಲೆ ಪ್ರತಿ ವರ್ಷವೂ ಹತ್ತಿದ, ಪ್ರತಿ ವರ್ಷವೂ ಕೂಗಿದ.

ಗಂಟೆಯ ಹೆಸರು ಗಡಿ ದಾಟಿತು. ಎತ್ತುಗಳ ಮೇಲೆ ಸರಕು ಹೇರಿಕೊಂಡು ತಿರುಗುವ ವರ್ತಕರು ದೂರದ ಸೀಮೆಗಳಿಂದ ಅವನ ಜಗುಲಿಗೆ ಬಂದು ಕೂರತೊಡಗಿದರು. ಅದು ಅರಮನೆಯ ಪಾರುಪತ್ಯಗಾರನ ಕಣ್ಣಿಗೆ ಬಿತ್ತು. ಅರಮನೆಯ ಆಳುಗಳ ಮೇಲೆಲ್ಲ ಅಧಿಕಾರ ಅವನದೇ. ಆಳಿನ ಕೈ ಅರಮನೆಯದು, ಆದ್ದರಿಂದ ಆ ಕೈ ಮಾಡಿದ್ದೆಲ್ಲ ಅರಮನೆಯದು ಎಂದು ಡಂಗುರ ಹೊಡೆಸಿದ. ಯಾರಾದರೂ ಒಂದು ವಸ್ತುವನ್ನು ತನ್ನದೆಂದರೆ, ಇಷ್ಟು ವರ್ಷ ಅದರ ಸುಂಕ ಯಾಕೆ ಕೊಟ್ಟಿಲ್ಲ ಎಂದು ಮೊದಲು ಕೇಳುತ್ತಿದ್ದ. ಜಾಣ. ಸಂಬಳದವರು ಯಾರೂ ಕೊಟ್ಟಿರುವುದಿಲ್ಲ ಎಂದೇ ಅವನ ಎಣಿಕೆ.

ಮೊದಲು ಕೊಡೆಯವನ ಮನೆಗೆ ಹೋದ. ಅಂಗಳದ ತುಂಬ ಹೊಸ ಕೊಡೆಗಳು.

“ಇವು ಯಾರವು?”

ತನ್ನವು ಎಂದರೆ ಸುಂಕ ತಪ್ಪಿಸಿದ್ದಕ್ಕೆ ಚಡಿಯೇಟು, ಕೆಲಸವೂ ಹೋಗುತ್ತದೆ. ಕೊಡೆಯವನು ನೆಲ ನೋಡಿಕೊಂಡು ಹೇಳಿದ: “ನನ್ನವಲ್ಲ.”

“ಯಾರದೂ ಅಲ್ಲದ್ದು ಅರಮನೆಯದು” ಎಂದು ಪಾರುಪತ್ಯಗಾರ ಗಾಡಿಗೆ ತುಂಬಿಸಿದ. ಬಾಗಿಲ ಹಿಂದೆ ನಿಂತಿದ್ದ ಹೆಂಡತಿಯ ಬೆರಳುಗಳಲ್ಲಿ ಗರಿ ಸೀಳಿದ ಗಾಯಗಳಿದ್ದವು. ಗಾಡಿ ಹೋದದ್ದಕ್ಕೆ ಅವಳು ಅಳಲಿಲ್ಲ. ಗಂಡ ಆಡಿದ ಆ ಒಂದು ಮಾತಿಗೆ ಅತ್ತಳು.

ಆಮೇಲೆ ಪಾರುಪತ್ಯಗಾರ ಜಾಗಟೆಯವನನ್ನು ಪಾಳಿಯ ನಡುವೆಯೇ ಕರೆಸಿಕೊಂಡು ಗಾಡಿಯನ್ನು ಅವನ ಜಗುಲಿಗೆ ತಂದ.

“ಇವು ಯಾರವು?”

“ನನ್ನವು.”

ಪಾರುಪತ್ಯಗಾರನಿಗೆ ಆ ಉತ್ತರ ಕೇಳಿ ಅಭ್ಯಾಸವಿರಲಿಲ್ಲ. ಬಾಯಿಗೆ ಬಂದ ಹಾಗೆ ಬೈದು, ಗಂಟೆಗಳನ್ನೂ ಅರವನ್ನೂ ಗಾಡಿಗೆ ಹಾಕಿಸಿ, ಅವನನ್ನು ಅದರ ಹಿಂದೆ ನಡೆಸಿಕೊಂಡು ಅರಮನೆಗೆ ಹೋದ. ಅಂದು ಸಂತೆಯ ದಿನ, ಸಂತೆಗೆ ಬಂದ ಜನವೂ ಸುದ್ದಿ ತಿಳಿದು ಹಿಂದೆಯೇ ಹೊರಟಿತು. ಕೊಡೆಯವನು ಹೆದರಿ ಹೆದರಿ ಎಲ್ಲರ ಹಿಂದೆ ಬಂದ.

“ಮಹಾಸ್ವಾಮಿ, ಇವನಿಗೆ ಅನ್ನ ಹಾಕುವವರು ನೀವು. ನಾಳೆಯಿಂದ ಗಂಟೆಯನ್ನು ಇವನು ಅರಮನೆಗೇ ತಿಕ್ಕಲಿ. ಮಾರಿ ಬಂದದ್ದು ಬೊಕ್ಕಸಕ್ಕೆ ಸೇರಲಿ” ಎಂದ ಪಾರುಪತ್ಯಗಾರ.

ಅರಸನಿಗೆ ಅದು ಸರಿಯೆನಿಸಿತು. ಬೊಕ್ಕಸಕ್ಕೆ ಬರುವುದು ಯಾವ ಅರಸನಿಗೆ ತಪ್ಪೆನಿಸುತ್ತದೆ? ಆದರೂ ಕೇಳಿದ: “ನೀನೇನು ಹೇಳುತ್ತೀಯೆ?”

ಜಾಗಟೆಯವನು ಗಾಡಿಯ ಕಡೆ ನೋಡಿದ. ಗಂಟೆ ಹೋದರೆ ಅವನ ಸಂಜೆಗಳೇ ಹೋದ ಹಾಗೆ, ಬಾಳೆಲ್ಲ ಅರಮನೆಯ ಚಾಕರಿ. “ನಾನು ಹೇಳೋದು ಏನೂ ಇಲ್ಲ ಮಹಾಸ್ವಾಮಿ. ಸುಂಕದವರನ್ನ ಕರೆಸಿ” ಎಂದ.

ಸುಂಕದವನು ಮುಂಡಾಸು ಸರಿ ಮಾಡಿಕೊಳ್ಳುತ್ತ ಓಡಿ ಬಂದ. ಅವನನ್ನು ಊರಿನಲ್ಲಿ ಯಾರೂ ಮನೆಗೆ ಕರೆಯುತ್ತಿರಲಿಲ್ಲ, ಮದುವೆಗಂತೂ ಕರೆಯುತ್ತಲೇ ಇರಲಿಲ್ಲ. ಅರಮನೆ ಕರೆಸಿದೆ ಎಂದರೆ ಏನೋ ಗ್ರಹಚಾರ ಕಾದಿದೆ ಎಂದೇ ಅಂದುಕೊಂಡಿದ್ದ.

“ಇವನ ಗಂಟೆಗೆ ಸುಂಕ ತೆಗೆದುಕೊಂಡಿದ್ದೀಯಾ?” ಅರಸ ಕೇಳಿದ.

“ಪ್ರತಿ ವರ್ಷ, ಮಹಾಸ್ವಾಮಿ.”

“ಆ ಗಂಟೆಗಳು ಅರಮನೆಯವು ಅಂತ ಪಾರುಪತ್ಯಗಾರರು ಹೇಳುತ್ತಿದ್ದಾರೆ.”

ಸುಂಕದವನ ಮುಖ ಬಿಳಿಚಿಕೊಂಡಿತು. ಅರಮನೆಯ ಸೊತ್ತಿಗೆ ಸುಂಕ ವಸೂಲಿ ಮಾಡಿದವನಿಗೆ ಆ ರಾಜ್ಯದಲ್ಲಿ ತಲೆದಂಡ. ಅವನು ಪಾರುಪತ್ಯಗಾರನ ಮುಖವನ್ನು ನೋಡಲಿಲ್ಲ, ಅರಸನ ಮುಖವನ್ನೂ ನೋಡಲಿಲ್ಲ. ಹೊರಗೆ ನೆರೆದಿದ್ದ ಜನರ ಕಡೆ ತಿರುಗಿ, ಕಟ್ಟೆಯ ಮೇಲೆ ಕೂಗುವ ದನಿಯಲ್ಲೇ ಹೇಳಿದ:

“ಅರಮನೆಯ ಆನೆಗೆ ನಾನು ಸುಂಕ ಕೇಳಿದೀನಾ? ಅರಮನೆಯ ತೋಟದ ತೆಂಗಿಗೆ ಕೇಳಿದೀನಾ? ತನ್ನದಕ್ಕೆ ತಾನೇ ಸುಂಕ ತಗೊಳ್ಳೋ ಅರಸ ಎಲ್ಲಾದರೂ ಇದಾನಾ? ಇವನ ಕೈಯಿಂದ ಪಾಲು ತಗೊಂಡ ದಿನವೇ ಕಸುಬು ಇವನದು ಅಂತ ಮಹಾಸ್ವಾಮಿಗಳ ಪರವಾಗಿ ನಾನು ಕೂಗಿ ಹೇಳಿದೀನಿ. ನೀವು ಕೇಳಿದೀರೋ ಇಲ್ವೋ?”

ಎಣ್ಣೆ ಮಾರುವ ಮುದುಕಿಯೊಬ್ಬಳು, “ಕಸುಬು ನಿನ್ನದು, ಅರಸಿನ ಪಾಲು ಸಂದಿತು” ಎಂದಳು. ಪಕ್ಕದವನು ಅದನ್ನೇ ಹೇಳಿದ. ಅವನ ಪಕ್ಕದವನೂ ಹೇಳಿದ. ನೋಡು ನೋಡುತ್ತಿದ್ದಂತೆ ಜನವೆಲ್ಲ ಒಂದೇ ದನಿಯಲ್ಲಿ ಕೂಗತೊಡಗಿತು. ಜಾಗಟೆಯವನು ಕಟ್ಟೆಯ ಮೇಲೆ ಕಣ್ಣೊರೆಸಿಕೊಂಡಾಗ ನಕ್ಕವರೇ ಈಗ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಅರಮನೆಯ ಗೋಡೆಗಳು ಅಂಥ ಕೂಗನ್ನು ಯುದ್ಧ ಗೆದ್ದ ದಿನವೂ ಕೇಳಿರಲಿಲ್ಲ.

ಅರಸನಿಗೆ ನಗು ಬಂತು. “ಪಾರುಪತ್ಯಗಾರರೇ, ನಿಮ್ಮ ಮಾತು ನಿಜವಾದರೆ ನಾನು ನನ್ನ ಸುಂಕದವನ ತಲೆ ತೆಗೆಸಬೇಕು, ತೆಗೆದುಕೊಂಡ ಸುಂಕವನ್ನೆಲ್ಲ ತಿರುಗಿ ಕೊಡಬೇಕು, ಇಷ್ಟು ಜನರ ಮುಂದೆ ಸುಳ್ಳುಗಾರನೂ ಆಗಬೇಕು. ಗಂಟೆಗಳನ್ನು ಅವನ ಮನೆಗೆ ತಲುಪಿಸಿ. ಗಾಡಿಯ ಮುಂದೆ ನೀವೇ ನಡೆಯಿರಿ.”

ಪಾರುಪತ್ಯಗಾರ ನಡೆದ. ಅವನ ಹಿಂದೆ ಗಂಟೆಯ ಗಾಡಿ, ಗಾಡಿಯ ಹಿಂದೆ ಊರು. ಗಾಡಿ ಕುಲುಕಿದಾಗಲೆಲ್ಲ ಗಂಟೆಗಳೆಲ್ಲ ಒಟ್ಟಿಗೆ ಮೊಳಗುತ್ತಿದ್ದವು. ಕಾಡಿನಿಂದ ದನಗಳು ಹಿಂದಿರುಗುವ ಹೊತ್ತು ಅದು. ಅವುಗಳ ಕೊರಳಲ್ಲೂ ಅವನವೇ ಗಂಟೆಗಳು. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕಿವಿ ತುಂಬಿಹೋಯಿತು. ಹಿಂದೊಮ್ಮೆ ಹೊಸ ಹೆಂಚಿಗಾಗಿ ಮಾತು ಬಿಟ್ಟಿದ್ದ ಹೆಂಡತಿ ಬಾಗಿಲಿಗೆ ಬಂದು ನಿಂತು, “ಅಷ್ಟೂ ನಮ್ಮವು” ಎಂದು ಬೀದಿಯಲ್ಲಿ ಹೋಗುವವರಿಗೆಲ್ಲ ಹೇಳಿದಳು.

ಜಾಗಟೆಯವನು ಆ ಮೆರವಣಿಗೆಯಲ್ಲಿರಲಿಲ್ಲ. ಅವನ ಪಾಳಿ ಇನ್ನೂ ಮುಗಿದಿರಲಿಲ್ಲ. ಓಡಿ ಹೋಗಿ ಬಾಗಿಲಲ್ಲಿ ನಿಂತು, ಸಂಜೆಯ ಜಾಗಟೆಯನ್ನು ಹೊತ್ತಿಗೆ ಸರಿಯಾಗಿ ಹೊಡೆದ. ಹಗಲು ಅರಮನೆಯದು, ಅದರಲ್ಲಿ ಅವನು ಮೋಸ ಮಾಡಲಿಲ್ಲ. ಹೊಡೆದ ರಭಸಕ್ಕೆ ಜಾಗಟೆ ಬಡಿಯುವ ಕೊಡತಿಯ ಹಿಡಿ ಮಾತ್ರ ಮುರಿದುಹೋಯಿತು.

ಮುಂದಿನ ಯುಗಾದಿಯ ಸಂತೆಯಲ್ಲಿ ಕಟ್ಟೆಯ ಮುಂದೆ ಅರಮನೆಯ ಸಂಬಳದವರ ಸಾಲೇ ನಿಂತಿತ್ತು. ಎಲ್ಲರಿಗಿಂತ ಮುಂದೆ ಕೊಡೆಯವನು. ಹಳೆಯ ಬಾಕಿಯನ್ನೂ ಅದರ ದಂಡವನ್ನೂ ತಂದಿದ್ದ. ಕೂಗುವಾಗ ಅವನ ದನಿ ಒಡೆಯಿತು. ಪಕ್ಕದಲ್ಲಿದ್ದ ಹೆಂಡತಿ ಗಾಯದ ಕೈಯನ್ನೆತ್ತಿ, ಅವನು ನಿಲ್ಲಿಸಿದಲ್ಲಿಂದ ತಾನೇ ಕೂಗಿದಳು: “ಈ ಕಸುಬು ನಮ್ಮದು!” ಅಂದು ಸುಂಕದವನನ್ನು ಅವರು ಮನೆಗೆ ಊಟಕ್ಕೆ ಕರೆದರು.

ಸ್ವಾಮಿಗಳು ಕತೆ ನಿಲ್ಲಿಸಿದರು. ಅಷ್ಟರಲ್ಲಿ ವೃಷಭೇಂದ್ರನ ಕೆಲಸವೂ ಮುಗಿದಿತ್ತು. ಸ್ವಾಮಿಗಳು ಅಂಗೈ ಚಾಚಿ ಸ್ಕ್ರೂಗಳನ್ನು ಕೊಟ್ಟರು. ಅವನು ಮುಚ್ಚಳ ಕೂರಿಸಿ, ತಿದಿ ಒತ್ತಿ, ಒಂದು ಸ್ವರದ ಮನೆಯ ಮೇಲೆ ಬೆರಳಿಟ್ಟ. ವರ್ಷಗಳಿಂದ ಗೊರಗೊರ ಅನ್ನುತ್ತಿದ್ದ ಪೆಟ್ಟಿಗೆ ತುಂಬು ದನಿಯಲ್ಲಿ ಹಾಡಿತು. ಅಂಗಳ ಗುಡಿಸುತ್ತಿದ್ದವರು ಕೆಲಸ ನಿಲ್ಲಿಸಿ ಇತ್ತ ನೋಡಿದರು. ಅವನ ಮುಖ ಅರಳಿತು.

ಸ್ವಾಮಿಗಳು ದನಿ ಆರುವವರೆಗೆ ಕಾದರು.

“ಸಂಜೆ ಭಜನೆಗೆ ಬಂದವರು ಇದನ್ನು ಇಷ್ಟು ಚೆನ್ನಾಗಿ ಮಾಡಿದವರು ಯಾರು ಎಂದು ಕೇಳಿದರೆ, ನಾನು ಯಾರ ಹೆಸರು ಹೇಳಲಪ್ಪ?”