ಮಾದುವಿನ ಲೆಕ್ಕದ ಅಚ್ಚು

ಕೇಳ್ರಪ್ಪೋ ಕೇಳಿ, ನಗು ಬಂದರೆ ತಡೀಬೇಡಿ! ಒಂದೂರಲ್ಲಿ ಪುಟ್ಟತಾಯಮ್ಮ ಅಂತ ಇದ್ದಳು, ಚಕ್ಕುಲಿ ಒತ್ತಿ ಮಾರೋಳು. ಅವಳಿಗೊಬ್ಬನೇ ಮಗ, ಮಾದು. ಹೇಳಿದ್ದನ್ನ ಹೇಳಿದಷ್ಟೇ ಮಾಡೋನು, ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ.

"ಅಯ್ಯೋ ಮಗನೇ, ನಿಂಗ್ಯಾರೋ ಹೆಣ್ಣು ಕೊಡ್ತಾರೆ! ಭಾನುವಾರ ಹೆಣ್ಣಿನ ಕಡೆಯೋರು ಮನೆ ನೋಡೋಕೆ ಬರ್ತಾರೆ. ಅಷ್ಟ್ರೊಳಗೆ ಒಂದು ಕೆಲಸ ಹಿಡಿಯೋ!"

ಮಾದುಗೆ ಕಂಪ್ಯೂಟರ್ ಹೇಗೋ ಬರುತ್ತಿತ್ತು. ಶಾಲೆಯ ಪರಶಿವ ಮೇಷ್ಟ್ರು ಕರೆದರು. ಮಕ್ಕಳು ಕಂಪ್ಯೂಟರಿನಲ್ಲಿ ಲೆಕ್ಕ ಬರೆದರೆ, ಬರೆದ ರೀತಿ ಸರಿಯೋ ತಪ್ಪೋ ಅದೇ ಹೇಳಬೇಕು. ಅದಕ್ಕೊಂದು ಅಚ್ಚು ಬೇಕು. ಕಂಪ್ಯೂಟರಿನವರು ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂತ ಮಾರುದ್ದ ಹೆಸರಿಟ್ಟಿದ್ದಾರೆ, ನಮಗೆ ಅಚ್ಚು ಅಂದರೆ ಸಾಕು. ಅಚ್ಚಿಗೆ ಕೂತರೆ ಸರಿ, ಕೂರದಿದ್ದರೆ ತಪ್ಪು.

"2+3 ಅಂತ ಬರೆದ್ರೆ ಸರಿ ಅನ್ಬೇಕು, ತಿಳೀತಾ?" ಅಂದರು ಮೇಷ್ಟ್ರು.

"ತಿಳೀತು ಸಾ!"

ಮಕ್ಕಳು 4+1 ಬರೆದರು, ತಪ್ಪು! 6+2 ಬರೆದರು, ತಪ್ಪು! 2+3 ಒಂದೇ ಸರಿ!

"ಲೋ ಪೆದ್ದಪ್ಪ! ಯಾವ ಅಂಕಿ ಆದ್ರೂ ಇರ್ಲಿ ಕಣೋ. ಒಂದಂಕಿ, ನಡುವೆ ಚಿಹ್ನೆ, ಇನ್ನೊಂದಂಕಿ!"

"ಹಂಗೇ ಆಗ್ಲಿ ಸಾ!"

ಮಾರನೇ ದಿನ ಒಂದು ಹುಡುಗಿ 12+7 ಬರೆದಳು. ತಪ್ಪು!

"ಒಂದಂಕಿ ಅಂದ್ರಲ್ಲ ಸಾ. ಹನ್ನೆರಡರಲ್ಲಿ ಎರಡವೆ!"

"ಅಂಕಿ ಎಷ್ಟಾದ್ರೂ ಇರ್ಲಿ ಮಾರಾಯ!"

"ಹಂಗೇ ಆಗ್ಲಿ ಸಾ!"

ಒಬ್ಬ ತರಲೆ ಹುಡುಗ ಬರೀ + ಒತ್ತಿದ. ಸರಿ!

"ಅಂಕಿ ಎಲ್ಲೋ?"

"ಎಷ್ಟಾದ್ರೂ ಅಂದ್ರಿ. ಅವನು ಸೊನ್ನೆ ಅಂಕಿ ಹಾಕವ್ನೆ ಸಾ."

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಕಡೇಪಕ್ಷ ಒಂದಾದ್ರೂ ಇರ್ಬೇಕೋ!"

ಶುಕ್ರವಾರ ಅದೇ ತರಲೆ "ಮೇಷ್ಟ್ರ ಮೂಗು 2+3 ಬದನೆಕಾಯಿ" ಅಂತ ಬರೆದ. ಸರಿ!

"ಇದು ಸರಿಯೇನೋ?"

"ಒಳಗೆ 2+3 ಅದೆ ಸಾ. ಹುಡುಕಿ ನೋಡಿ!"

ಇಡೀ ಶಾಲೆ ನಕ್ಕಿತು. ಮೇಷ್ಟ್ರ ಮೂಗು ಕೆಂಪಾಯಿತು. "ಮೊದಲಿಂದ ಕಡೇತನಕ ಅಷ್ಟೇ ಇರ್ಬೇಕು! ಒಂದು, ಚಿಹ್ನೆ, ಇನ್ನೊಂದು. ಹಿಂದೆ ಮುಂದೆ ಏನೇ ಹೆಚ್ಚಿಗೆ ಬಂದ್ರೂ ಬಾಗಿಲಲ್ಲೇ ನಿಲ್ಸು!"

ಶನಿವಾರ ಅಚ್ಚು ಸರಿಹೋಯಿತು, ನಂಬಿದ್ರೆ ನಂಬಿ! ಕೆಲಸ ಗಟ್ಟಿಯಾಯಿತು. ಪುಟ್ಟತಾಯಮ್ಮನ ಕಣ್ಣಲ್ಲಿ ನೀರು ಬಂತು ಪಾಪ. ಹೆತ್ತ ಕರುಳಲ್ಲವೇ.

"ಮಗಾ, ನಾಳೆ ನೀನೇ ಬಾಗಿಲಲ್ಲಿ ನಿಂತ್ಕೊ. ಮೇಷ್ಟ್ರು ಹೇಳಿಕೊಟ್ಟಂಗೇ ನಡ್ಕೊ, ಸಾಕು!"

"ಹಂಗೇ ಆಗ್ಲಿ ಕಣವ್ವ!"

ಭಾನುವಾರ ಹೆಣ್ಣಿನ ಕಡೆಯವರು ಬಂದರು. ಶುಭಕಾರ್ಯಕ್ಕೆ ಮೂವರು ಹೋಗಬಾರದಲ್ಲ, ಅದಕ್ಕೇ ನಾಲ್ವರು. ಮುಂದೆ ತಾತ, ನಡುವೆ ಹಣ್ಣಿನ ತಟ್ಟೆ ಹಿಡಿದ ಅತ್ತೆ, ಅವಳ ಹಿಂದೆ ಸೋದರಮಾವ.

"ಒಂದು, ಚಿಹ್ನೆ, ಇನ್ನೊಂದು. ಸರಿ! ಬನ್ನಿ!" ಅಂದ ಮಾದು.

ಕಾಲು ತೊಳೆದುಕೊಂಡು ಕಡೆಯಲ್ಲಿ ಬಂದವನು ಹೆಣ್ಣಿನಪ್ಪ.

"ತಪ್ಪು! ಹಿಂದೊಂದು ಹೆಚ್ಚಾಯ್ತು!" ಮಾದು ಬಾಗಿಲು ಹಾಕಿದ.

"ಅಯ್ಯೋ, ನಾನು ಹೆಣ್ಣಿನಪ್ಪ ಕಣಪ್ಪೋ!"

"ಮೂರೇ ಜನ ಆಗ್ಹೋದ್ವಲ್ಲೋ, ಅಪಶಕುನ!" ಒಳಗೆ ತಾತ ಕೂಗಿಕೊಂಡರು.

ಪುಟ್ಟತಾಯಮ್ಮ ಚಕ್ಕುಲಿ ಬಾಣಲೆ ಬಿಟ್ಟು ಹಿತ್ತಲ ಬಾಗಿಲಿಂದ ಸುತ್ತಿ ಓಡಿಬಂದಳು. "ತಪ್ಪಾಯ್ತು ಬೀಗ್ರೇ, ಬನ್ನಿ!" ಅಂತ ಹೆಣ್ಣಿನಪ್ಪನನ್ನ ಕರೆದುಕೊಂಡು ಮುಂಬಾಗಿಲಿಗೆ ಬಂದಳು. ಮಾದು ಬಾಗಿಲು ಸರಿಸಿ ನೋಡಿದ.

"ಅಯ್ಯಯ್ಯೋ! ಈಗ ಎರಡು ಹೆಚ್ಚು!"

ಚಿಲಕ ಬಿತ್ತು. ಹಿತ್ತಲ ಬಾಗಿಲಿಗೂ ಬಿತ್ತು.

ಜಗಲಿ ಮೇಲೆ ಹೆಣ್ಣಿನಪ್ಪ ಕೂತ, ಪಕ್ಕದಲ್ಲಿ ಪುಟ್ಟತಾಯಮ್ಮ ನಿಂತಳು. ಒಳಗೆ ಚಕ್ಕುಲಿ ಸೀಯುತ್ತಿತ್ತು.

"ತಾಯೀ, ನಿಮ್ಮ ಮಗನ ಕೆಲಸ ಏನು?"

"ತಪ್ಪು ಒಳಕ್ಕೆ ಬರದಂಗೆ ತಡೆಯೋದು ಸ್ವಾಮಿ."

"ತಡೆದ ಬಿಡಿ. ಹೆಣ್ಣು ಕೊಟ್ಟು ದೊಡ್ಡ ತಪ್ಪೇ ಮಾಡ್ತಿದ್ದೆ!" ಅವನು ಎದ್ದು ತನ್ನೂರ ದಾರಿ ಹಿಡಿದ.

ಪುಟ್ಟತಾಯಮ್ಮ ಗೊಳೋ ಅಂದಳು. ಒಳಗಿನಿಂದ ಮಾದು ಕೂಗಿದ: "ಅಳಬೇಡ ಕಣವ್ವ! ಒಳಗಿರೋ ಮೂವರೂ ಸರಿಯಾಗವ್ರೆ!"

ಆಮೇಲೆ ಒಳಗೇನಾಯಿತೋ ನನಗೂ ಗೊತ್ತಿಲ್ಲ. ನನ್ನನ್ನೂ ಅವನು ಹೊರಗೇ ನಿಲ್ಲಿಸಿದ್ದ.