ಆದೇಶದ ಮೇರೆಗೆ ತೃಪ್ತಿ

ತಾಲ್ಲೂಕಿನ ಆ ಸರ್ಕಾರಿ ಕಚೇರಿಯಲ್ಲಿ ಫ್ಯಾನು ಇತ್ತು, ತಿರುಗುತ್ತಿರಲಿಲ್ಲ. ಹೆಂಗಸರ ಶೌಚಾಲಯವೂ ಇತ್ತು, ಅದರ ತುಂಬ ಹಳೆಯ ಕಡತಗಳಿದ್ದವು. ಹೆಂಗಸರು ಬಸ್ ನಿಲ್ದಾಣದವರೆಗೆ ಹೋಗಿಬರುತ್ತಿದ್ದರು.

ಒಂದು ದಿನ ಜಿಲ್ಲಾ ಕಚೇರಿಯಿಂದ ನೌಕರರ ತೃಪ್ತಿ ಸಮೀಕ್ಷೆಯ ನಮೂನೆಗಳು ಬಂದವು. ಸಾಹೇಬರಾದ ಚನ್ನವೀರಯ್ಯನವರು ಎಲ್ಲರನ್ನೂ ಕರೆದರು.

"ಎಲ್ಲರೂ 'ಪೂರ್ಣ ತೃಪ್ತಿ' ಅಂತಲೇ ಬರೀಬೇಕು. ಸಂಜೆಯೊಳಗೆ ಜಿಲ್ಲೆಗೆ ಹೋಗಬೇಕು."

ಎಲ್ಲರೂ ಬರೆದರು. ಟಪಾಲು ನೋಡಿಕೊಳ್ಳುವ ಗುಮಾಸ್ತೆಯೂ ಬರೆದಳು: "ಸಾಹೇಬರ ಮೌಖಿಕ ಆದೇಶದಂತೆ ಈ ದಿನ ಹನ್ನೊಂದು ಗಂಟೆಯಿಂದ ಪೂರ್ಣ ತೃಪ್ತಳಾಗಿರುತ್ತೇನೆ. ಆದೇಶವನ್ನು ಲಿಖಿತವಾಗಿ ದೃಢೀಕರಿಸಲು ಕೋರಿದೆ."

ಸಾಹೇಬರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಏನಮ್ಮಾ ಇದು?"

"ಬಾಯಿಮಾತಿನ ಆದೇಶ ನಡೆಯೋದಿಲ್ಲ, ಪ್ರತಿಯೊಂದಕ್ಕೂ ತಮ್ಮ ಸಹಿ ಇರಬೇಕು ಅಂತ ಹೋದ ತಿಂಗಳು ತಾವೇ ಸುತ್ತೋಲೆ ಹೊರಡಿಸಿದ್ರಿ ಸಾರ್. ಗೋಡೆ ಮೇಲಿದೆ."

ಗೋಡೆಯ ಮೇಲಿತ್ತು. ಸಹಿ ಹಾಕಿದರೆ ಈ ತೃಪ್ತಿ ಎಲ್ಲಿ ಹುಟ್ಟಿತೆಂದು ಜಿಲ್ಲೆಗೆ ತಿಳಿಯುತ್ತಿತ್ತು. ಹಾಕದಿದ್ದರೆ ಒಂದು ನಮೂನೆ ಕಡಿಮೆ ಬೀಳುತ್ತಿತ್ತು.

"ಆದೇಶದ ಮಾತು ಬಿಟ್ಟು, ಸುಮ್ಮನೆ ತೃಪ್ತಿ ಅಂತ ಬರೆಯೋಕೆ ನಿಮಗೇನು ಬೇಕು?"

"ಕಡತ ಇಲ್ಲದ ಶೌಚಾಲಯ ಸಾರ್."

ಮಧ್ಯಾಹ್ನದೊಳಗೆ ಕಡತಗಳೆಲ್ಲ ಸಾಹೇಬರ ಕೋಣೆ ಸೇರಿದವು. ಬೇರೆ ಜಾಗವಿರಲಿಲ್ಲ. ಸಾಹೇಬರು ಕುರ್ಚಿಯನ್ನು ಬಾಗಿಲಿಗೆ ಸರಿಸಿಕೊಂಡು ಕೂತರು.

ಗುಮಾಸ್ತೆ ಹೊಸ ನಮೂನೆ ಬರೆದು ತಂದು ಅವರ ಕೈಗಿತ್ತಳು. ಅದರಲ್ಲಿ ಹೀಗಿತ್ತು:

"ಶೌಚಾಲಯದ ಮಟ್ಟಿಗೆ ಪೂರ್ಣ ತೃಪ್ತಿ ಇದೆ. ಇದಕ್ಕೆ ಆದೇಶದ ಅಗತ್ಯ ಕಂಡುಬಂದಿಲ್ಲ. ಫ್ಯಾನಿನ ಬಗ್ಗೆ ತೃಪ್ತಿಪಡಲು ತಮ್ಮ ಲಿಖಿತ ಆದೇಶ ಕೋರಿದೆ."